ಕಡಲಾಚೆಯ ಉದ್ಯೋಗ: ನಮ್ಮವರ ಕೊಲ್ಲಿ ಪ್ರವಾಸದ ಒಂದು ಚರಿತ್ರೆ

ಶತಮಾನೋತ್ಸವದ ಈ ಸ್ಮರಣ ಸಂಚಿಕೆಗಾಗಿ, ಉದ್ಯೋಗಾರ್ಥಿಗಳಾಗಿ ಪರದೇಶಗಳಿಗೆ ತೆರಳಿದ ನಮ್ಮವರ ಚರಿತ್ರೆಯನ್ನು ಬರೆಯಬೇಕೆಂದು ಸಮಿತಿಯವರು ಕೇಳಿಕೊಂಡಾಗ, ಆಧಾರಗಳನ್ನು ಎಲ್ಲಿಂದ ಒದಗಿಸಿಕೊಳ್ಳುವುದೆಂಬ ಚಿಂತೆ ಮೊದಲಿಗೆ ನಮ್ಮನ್ನು ಕಾಡಿತು. ಇಗರ್ಜಿ ಕಟ್ಟಿದ ಕಲ್ಲಿಗೂ ಗಂಟೆ ಎರಕ ಹೊಯ್ದ ಕಂಚಿಗೂ ಲೆಕ್ಕ ಸಿಗುತ್ತದೆ. ಊರು ಬಿಟ್ಟು ಹೋದವರ ಲೆಕ್ಕವನ್ನು ಮಾತ್ರ ಯಾರೂ ಇಟ್ಟವರಿಲ್ಲ. ಕಡೆಗೆ ಒಂದು ದಾಖಲೆ ನಮ್ಮ ಕೈಗೆ ಬಂತು. ಅದು ಹೊಸದೇನೂ ಅಲ್ಲ, ಇಗರ್ಜಿಯ ಕಪಾಟಿನಲ್ಲೇ ಇದ್ದ ಜ್ಞಾನಸ್ನಾನದ ಪುಸ್ತಕ.

ಪುಸ್ತಕದಲ್ಲಿ ಮಗುವಿನ ಹೆಸರು, ತಂದೆತಾಯಿಗಳ ಹೆಸರು, ಸಾಕ್ಷಿಗಳ ಹೆಸರು ಇರುವ ಭಾಗವನ್ನು ಎಲ್ಲರೂ ಬಲ್ಲರು. ಅದರ ಅಂಚಿನಲ್ಲಿ ಬಿಟ್ಟಿರುವ ಬಿಳಿಯ ಜಾಗವನ್ನು ಗಮನಿಸಿದವರು ಕಡಿಮೆ. ಒಬ್ಬ ವ್ಯಕ್ತಿಯ ವಿವಾಹವು ಯಾವ ಇಗರ್ಜಿಯಲ್ಲಿ ನಡೆದರೂ ಅಲ್ಲಿಯ ಧರ್ಮಗುರುಗಳು ಅದನ್ನು ಆತನ ಜ್ಞಾನಸ್ನಾನವಾದ ಇಗರ್ಜಿಗೆ ಬರೆದು ತಿಳಿಸತಕ್ಕದ್ದು, ಇಲ್ಲಿ ಅದನ್ನು ಆತನ ಹೆಸರಿನ ಮಗ್ಗುಲಲ್ಲಿ ದಾಖಲಿಸತಕ್ಕದ್ದು ಎಂಬ ವಿಧಿಯನ್ನು ರೋಮಿನಿಂದ 1907ರಲ್ಲಿ ಹೊರಟ ‘ನೆ ತೆಮೆರೆ’ ಎಂಬ ಆಜ್ಞಾಪತ್ರವು ಸ್ಥಾಪಿಸಿತು. ನಮ್ಮ ಧರ್ಮಕೇಂದ್ರವು ಅದರ ಬಳಿಕ ಹುಟ್ಟಿದ್ದರಿಂದ, ಮೊದಲ ಪುಟದಿಂದಲೂ ಈ ಅಂಚು ತುಂಬುತ್ತಾ ಬಂದಿದೆ. ಊರಿನ ಮಕ್ಕಳು ಎಲ್ಲೆಲ್ಲಿ ನೆಲೆ ನಿಂತರೆಂಬುದು ಅಲ್ಲಿ ತಾನಾಗಿಯೇ ಬರೆಯಲ್ಪಟ್ಟಿದೆ.

ಆರಂಭದ ಪುಟಗಳ ಅಂಚಿನಲ್ಲಿ ನಮ್ಮ ಇಗರ್ಜಿ ಮತ್ತು ನೆರೆಯ ಇಗರ್ಜಿಗಳನ್ನು ಬಿಟ್ಟರೆ ಹೆಚ್ಚಾಗಿ ಕಾಣುವುದು ಮುಂಬಯಿಯ ಹೆಸರುಗಳು: ಮಾಹಿಮ್, ಬಾಂದ್ರಾ, ಮಜಗಾಂವ್. ಇದು ನಿರೀಕ್ಷಿತವೇ. ಆದರೆ 1950 ಮತ್ತು 60ರ ದಶಕಗಳಲ್ಲಿ ಜನಿಸಿದವರ ಪುಟಗಳಿಗೆ ಬಂದಾಗ ನಮಗೆ ಅಚ್ಚರಿಯಾಯಿತು. ಇವರಲ್ಲಿ ಹಲವರು ಇಪ್ಪತ್ತು, ಮೂವತ್ತು ವರ್ಷಗಳನ್ನು ಕುವೈತ್, ಬಹ್ರೈನ್, ದುಬಾಯಿ, ಮಸ್ಕತ್‌ಗಳಲ್ಲಿ ಕಳೆದವರೆಂಬುದು ನಮಗೆಲ್ಲ ತಿಳಿದ ಸಂಗತಿ. ಅಂಚಿನಲ್ಲಾದರೋ ಆ ಊರುಗಳ ಸುಳಿವೇ ಇಲ್ಲ. ವಿವಾಹಗಳೆಲ್ಲ ಇಲ್ಲಿಯೇ, ಅಥವಾ ಹತ್ತು ಹದಿನೈದು ಮೈಲಿಯೊಳಗೆ ನಡೆದಿವೆ. ಪುಸ್ತಕವನ್ನೇ ನಂಬುವುದಾದರೆ ಈ ತಲೆಮಾರು ಊರನ್ನು ಬಿಟ್ಟೇ ಇಲ್ಲ! ಇನ್ನೂ ಕೆಲವು ಪುಟಗಳನ್ನು ಮಗುಚಿ, 1985ರ ಬಳಿಕ ಜನಿಸಿದವರತ್ತ ಬಂದರೆ, ಅಂಚು ಮತ್ತೆ ಪರಸ್ಥಳಗಳಿಂದ ತುಂಬತೊಡಗುತ್ತದೆ: ಟೊರಾಂಟೊ, ಮೆಲ್ಬೋರ್ನ್, ಆಕ್ಲೆಂಡ್, ಡಬ್ಲಿನ್.

ಈ ವ್ಯತ್ಯಾಸಕ್ಕೆ ಕಾರಣವನ್ನು ಹುಡುಕುತ್ತಾ ಹೋದುದೇ ಈ ಲೇಖನವಾಯಿತು.

ಇಲ್ಲಿ ನಾವು ಹೇಳಹೊರಟಿರುವುದು ವ್ಯಾಪಾರಕ್ಕೆ ಹೋದವರ ವಿಚಾರವಲ್ಲ. ಮರಳುಗಾಡಿನ ಬಿಸಿಲಿನಲ್ಲಿ ಕಲ್ಲು ಹೊತ್ತವರ ವಿಚಾರವೂ ಅಲ್ಲ. ಅವರ ಚರಿತ್ರೆ ಇದಕ್ಕಿಂತ ಕಠಿಣವಾದುದು, ಅದನ್ನು ಬೇರೆಯೇ ಬರೆಯಬೇಕು. ಗುಮಾಸ್ತ, ಶೀಘ್ರಲಿಪಿಕಾರ, ಲೆಕ್ಕಿಗ, ದಾದಿ, ಶಿಕ್ಷಕಿ, ಎಂಜಿನಿಯರ್ ಮುಂತಾದವರು, ಅಂದರೆ ಕಲಿತ ವಿದ್ಯೆಯೊಂದನ್ನೇ ಬಂಡವಾಳವಾಗಿ ಹಿಡಿದು, ಆ ವಿದ್ಯೆಗೆ ಊರಿನಲ್ಲಿ ಸಿಗದ ಬೆಲೆಯನ್ನು ಅರಸಿ ಕಡಲು ದಾಟಿದವರು ನಮ್ಮ ವಸ್ತು.

ಇಂಥವರು ಈ ಕರಾವಳಿಯಲ್ಲಿ ಇಷ್ಟೊಂದು ಸಂಖ್ಯೆಯಲ್ಲಿ ಹೇಗೆ ತಯಾರಾದರು? ಭೂಮಿ ಕಡಿಮೆ, ಮಕ್ಕಳು ಹೆಚ್ಚು, ಗೇಣಿಯ ಹೊರೆ ಬೇರೆ. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆಯು ಅನೇಕ ಒಕ್ಕಲುಗಳನ್ನು ಭೂಮಾಲೀಕರನ್ನಾಗಿ ಮಾಡಿತಾದರೂ, ಎರಡೆಕ್ರೆ ಗದ್ದೆಯನ್ನು ಏಳು ಮಕ್ಕಳಿಗೆ ಹಂಚಿದರೆ ಉಳಿಯುವುದೇನು? ಆದರೆ ಶಾಲೆಗಳಿದ್ದವು. 1878ರ ಡಿಸೆಂಬರ್ ಕೊನೆಯ ದಿನ ಮಂಗಳೂರಿಗೆ ಬಂದಿಳಿದ ಯೇಸುಸಭೆಯ ಗುರುಗಳು 1880ರಲ್ಲಿ ಸಂತ ಅಲೋಶಿಯಸ್ ಕಾಲೇಜನ್ನು ತೆರೆದರು. ಹೆಣ್ಣುಮಕ್ಕಳಿಗಾಗಿ ಸಂತ ಆಗ್ನೆಸ್ ಕಾಲೇಜು 1921ರಲ್ಲಿ ಆರಂಭವಾಯಿತು. ಹಳ್ಳಿಯ ಇಗರ್ಜಿಯ ಬಳಿ ಒಂದು ಪ್ರಾಥಮಿಕ ಶಾಲೆ, ಪೇಟೆಯಲ್ಲಿ ಒಂದು ಪ್ರೌಢಶಾಲೆ, ಬಸ್ ನಿಲ್ದಾಣದ ಮೇಲಂತಸ್ತಿನಲ್ಲಿ ಒಂದು ಟೈಪಿಂಗ್ ತರಗತಿ, ಇದು ಈ ಜಿಲ್ಲೆಯ ಸಾಮಾನ್ಯ ದೃಶ್ಯವಾಗಿತ್ತು. ಇದೇ ಜಿಲ್ಲೆಯಲ್ಲಿ 1906ರಲ್ಲಿ ಕೆನರಾ ಹಾಗೂ ಕಾರ್ಪೊರೇಷನ್ ಬ್ಯಾಂಕುಗಳೂ, 1925ರಲ್ಲಿ ಸಿಂಡಿಕೇಟ್ ಬ್ಯಾಂಕೂ, 1931ರಲ್ಲಿ ವಿಜಯಾ ಬ್ಯಾಂಕೂ ಹುಟ್ಟಿದ್ದವೆಂಬುದನ್ನು ನೆನೆದರೆ, ಲೆಕ್ಕ ಬರೆಯುವ ವಿದ್ಯೆ ಇಲ್ಲಿಯ ಗಾಳಿಯಲ್ಲೇ ಇತ್ತೆಂದು ತೋರುತ್ತದೆ. (ಆ ನಾಲ್ಕರಲ್ಲಿ ಕೆನರಾ ಬ್ಯಾಂಕು ಮಾತ್ರ ಇಂದು ತನ್ನ ಹೆಸರಿನಲ್ಲಿ ಉಳಿದಿದೆ, ಉಳಿದ ಮೂರು 2019 ಮತ್ತು 2020ರಲ್ಲಿ ಇತರ ಬ್ಯಾಂಕುಗಳಲ್ಲಿ ಲೀನವಾದವು.) ಹೀಗೆ ಪಿಟ್‌ಮನ್ ಶೀಘ್ರಲಿಪಿ, ತಪ್ಪಿಲ್ಲದ ಇಂಗ್ಲಿಷ್ ಪತ್ರ, ಕೂಡಿ ಬರುವ ತಾಳೆಪಟ್ಟಿ ಇವಿಷ್ಟನ್ನು ಕಲಿತ ಯುವಕರು ಮೊದಲು ಮುಂಬಯಿಗೆ ಹೋದರು. ಊರಿನವರೇ ಬಾಡಿಗೆಗೆ ಹಿಡಿದ ಕೋಣೆಯಲ್ಲಿ ಹತ್ತಾರು ಮಂದಿ ಮಲಗಿ, ಕೋಟೆ ಪ್ರದೇಶದ ಕಚೇರಿಗಳಲ್ಲಿ ದುಡಿದರು. ಕೊಲ್ಲಿಯ ಬಾಗಿಲು ಅವರಿಗೆ ತೆರೆದದ್ದು ಮುಂಬಯಿಯಿಂದ, ಮಂಗಳೂರಿನಿಂದಲ್ಲ.

ಇಂದು ಗಲ್ಫ್ ಎಂದ ಕೂಡಲೇ ವಿಮಾನ ಮತ್ತು ಗಾಜಿನ ಗೋಪುರಗಳು ಕಣ್ಣಿಗೆ ಕಟ್ಟುತ್ತವೆ. ಅಂದಿನ ಕೊಲ್ಲಿಯಾದರೋ ಒಂದರ್ಥದಲ್ಲಿ ಮುಂಬಯಿಯ ಹಿತ್ತಿಲೇ ಆಗಿತ್ತು. ಆ ಶೇಖರ ಸಂಸ್ಥಾನಗಳ ಮೇಲಿನ ಬ್ರಿಟಿಷ್ ಮೇಲುಸ್ತುವಾರಿ 1947ರವರೆಗೆ ಭಾರತ ಸರಕಾರದ ಕೈಯಲ್ಲಿತ್ತು. ಅಲ್ಲಿಯ ಅಂಚೆ ಕಚೇರಿಗಳನ್ನು ಭಾರತದ ಅಂಚೆ ಇಲಾಖೆ ನಡೆಸುತ್ತಿತ್ತು. ನಮ್ಮ ಅಂಚೆಚೀಟಿಗಳ ಮೇಲೆಯೇ ಕುವೈತ್, ಬಹ್ರೈನ್ ಎಂಬ ಹೆಸರುಗಳನ್ನು ಮುದ್ರಿಸಿ ಮಾರುತ್ತಿದ್ದರು. ಪೇಟೆಯಲ್ಲಿ ಚಲಾವಣೆಯಲ್ಲಿದ್ದುದು ರೂಪಾಯಿ. 1932ರಲ್ಲಿ ಬಹ್ರೈನಿನಲ್ಲಿ, 1938ರಲ್ಲಿ ಕುವೈತಿನ ಬುರ್ಗಾನಿನಲ್ಲಿ ಎಣ್ಣೆ ದೊರೆತಾಗ, ಕಂಪೆನಿಗಳಿಗೆ ಎಣ್ಣೆಯ ಜೊತೆಗೆ ಕಾಗದದ ಕೆಲಸವೂ ಹುಟ್ಟಿಕೊಂಡಿತು. ಬಾವಿ ತೋಡುವವರು ಅಮೆರಿಕದಿಂದ ಬಂದಾರು. ಸಾಮಾನಿನ ಪಟ್ಟಿ ಬರೆಯಲು, ಸಂಬಳದ ಚೀಟಿ ಹರಿಯಲು, ಪತ್ರಗಳನ್ನು ಬೆರಳಚ್ಚಿಸಲು, ಆಸ್ಪತ್ರೆಯಲ್ಲಿ ರೋಗಿಗಳನ್ನು ನೋಡಿಕೊಳ್ಳಲು ಇಂಗ್ಲಿಷ್ ಬಲ್ಲ ಜನ ಹತ್ತಿರದಲ್ಲೇ ಬೇಕಿತ್ತು. ಆ ಜನರನ್ನು ಮುಂಬಯಿಯಲ್ಲಿ ಆಯ್ದುಕೊಂಡರು. ಎರಡನೆಯ ಮಹಾಯುದ್ಧದ ನಡುವೆ ಕೆಲಸ ನಿಂತು, 1946ರ ಜೂನ್ 30ರಂದು ಕುವೈತಿನ ಮೊದಲ ಎಣ್ಣೆಹಡಗು ಹೊರಟಿತು. ಹೊಸ ಮಾರುಕಟ್ಟೆ ತೆರೆದುಕೊಂಡಿತು.

ಪ್ರಯಾಣ ಹಡಗಿನಲ್ಲಿ. ಬ್ರಿಟಿಷ್ ಇಂಡಿಯಾ ಕಂಪೆನಿಯ ‘ದ್ವಾರಕಾ’, ‘ದಾರಾ’, ‘ದುಮ್ರಾ’ ಮುಂತಾದ ಹಡಗುಗಳು ಮುಂಬಯಿಯಿಂದ ಕರಾಚಿ, ಮಸ್ಕತ್, ದುಬಾಯಿ, ಬಹ್ರೈನ್, ಕುವೈತ್ ಬಂದರುಗಳನ್ನು ಮುಟ್ಟಿ ಬಸ್ರಾಕ್ಕೆ ಹೋಗುತ್ತಿದ್ದವು. ಗುಮಾಸ್ತರಾದರೂ ಹೆಚ್ಚಿನವರು ಪ್ರಯಾಣ ಮಾಡಿದ್ದು ಡೆಕ್ಕಿನ ಮೇಲೆ, ಚಾಪೆ ಹಾಸಿಕೊಂಡು. 1961ರ ಏಪ್ರಿಲ್ 8ರಂದು ದುಬಾಯಿಯ ಸಮೀಪ ‘ದಾರಾ’ ಹಡಗಿನಲ್ಲಿ ಸ್ಫೋಟ ಸಂಭವಿಸಿ 238 ಮಂದಿ ಪ್ರಾಣ ಕಳೆದುಕೊಂಡರು. ಆ ದುರಂತದ ವಾರ್ತೆ ಬಂದ ಬಳಿಕವೂ ಹಡಗಿನ ಟಿಕೇಟಿಗೆ ಜನ ಕಡಿಮೆಯಾಗಲಿಲ್ಲ. ‘ದ್ವಾರಕಾ’ ತನ್ನ ಕೊನೆಯ ಯಾನವನ್ನು ಮುಗಿಸಿದ್ದು 1982ರಲ್ಲಿ. ಆ ಹೊತ್ತಿಗೆ ವಿಮಾನಗಳೇ ಸರ್ವಸ್ವವಾಗಿದ್ದವು.

ಸಂಬಳದ ವಿಚಾರದಲ್ಲಿ ವಾಚಕರ ಗಮನಕ್ಕೆ ತರಬೇಕಾದ ಒಂದು ಘಟನೆಯಿದೆ. ಕೊಲ್ಲಿಯ ರೂಪಾಯಿಗಳು ಚಿನ್ನದ ಕಳ್ಳಸಾಗಣೆಗೆ ದಾರಿಯಾಗುತ್ತಿವೆಯೆಂದು 1959ರಲ್ಲಿ ನಮ್ಮ ಸರಕಾರವು ಅಲ್ಲಿಗೆಂದೇ ಬೇರೆ ಬಣ್ಣದ ನೋಟುಗಳನ್ನು ಮುದ್ರಿಸಿತು. 1961ರಲ್ಲಿ ಕುವೈತ್ ತನ್ನದೇ ದಿನಾರನ್ನು ಹೊರಡಿಸಿತು. ಒಂದು ದಿನಾರು ಒಂದು ಬ್ರಿಟಿಷ್ ಪೌಂಡಿಗೆ ಸಮ, ಅಂದರೆ ಹದಿಮೂರು ರೂಪಾಯಿಗೆ ತುಸು ಹೆಚ್ಚು. 1966ರ ಜೂನ್ 6ರಂದು ಭಾರತವು ರೂಪಾಯಿಯ ಬೆಲೆಯನ್ನು ಇಳಿಸಿದಾಗ, ಡಾಲರಿಗೆ 4 ರೂಪಾಯಿ 76 ಪೈಸೆ ಇದ್ದದ್ದು 7 ರೂಪಾಯಿ 50 ಪೈಸೆಯಾಯಿತು. ದಿನಾರು 21 ರೂಪಾಯಿಯಾಯಿತು. ತಿಂಗಳಿಗೆ 60 ದಿನಾರು ಪಡೆಯುತ್ತಿದ್ದ ಗುಮಾಸ್ತನ ಸಂಬಳ ಒಂದೇ ರಾತ್ರಿಯಲ್ಲಿ 800 ರೂಪಾಯಿಯಿಂದ 1,260ಕ್ಕೆ ಏರಿತು. ಅವನು ಒಂದು ಅಕ್ಷರವನ್ನೂ ಹೆಚ್ಚಿಗೆ ಬೆರಳಚ್ಚಿಸಲಿಲ್ಲ. ದೇಶಕ್ಕೆ ಸಂಕಟವಾದದ್ದು ನಮ್ಮ ಮನೆಗಳಿಗೆ ಲಾಭವಾಯಿತು. ಈ ವಿಚಿತ್ರವನ್ನು ಹೇಳದೆ ಮರೆಮಾಡಿದರೆ ಚರಿತ್ರೆ ಅಪೂರ್ಣವಾದೀತು. ಇತ್ತ ದುಬಾಯಿ, ಕತಾರ್‌ಗಳೂ ಅದೇ ವರ್ಷ ನಮ್ಮ ನೋಟನ್ನು ಕೈಬಿಟ್ಟವು.

ಮುಂದಿನ ವರ್ಷವೇ, 1967ರ ಏಪ್ರಿಲಿನಲ್ಲಿ, ವಿದೇಶ ಪ್ರಯಾಣವು ನಾಗರಿಕನ ವೈಯಕ್ತಿಕ ಸ್ವಾತಂತ್ರ್ಯದ ಭಾಗವೆಂದು ಸರ್ವೋಚ್ಚ ನ್ಯಾಯಾಲಯವು ತೀರ್ಪಿತ್ತಿತು. ಪಾಸ್‌ಪೋರ್ಟ್ ಕಾಯಿದೆ ಆ ಬಳಿಕ ಬಂತು. ಅದುವರೆಗೆ ಪಾಸ್‌ಪೋರ್ಟ್ ಎಂಬುದು ಅಧಿಕಾರಿಗಳ ಕೃಪೆಯಾಗಿತ್ತು. ಇನ್ನು 1973ರ ಅಕ್ಟೋಬರದ ಯುದ್ಧದ ಹಿಂದೆಯೇ ಎಣ್ಣೆಯ ಬೆಲೆ ಪೀಪಾಯಿಗೆ ಸುಮಾರು 3 ಡಾಲರಿನಿಂದ 1974ರ ಜನವರಿಯ ಹೊತ್ತಿಗೆ 11 ಡಾಲರಿಗೂ ಮೇಲಕ್ಕೆ ಹಾರಿತು. ಕೊಲ್ಲಿಯ ರಾಷ್ಟ್ರಗಳು ಹತ್ತು ವರ್ಷಗಳಲ್ಲಿ ಬಂದರು, ಆಸ್ಪತ್ರೆ, ಬ್ಯಾಂಕು, ವಿದ್ಯುತ್ ಕೇಂದ್ರಗಳನ್ನು ಕಟ್ಟಿಸಲು ಹೊರಟವು. ಆಗ ಹೊರಟವರ ಸಂಖ್ಯೆಗೆ ಹಿಂದಿನದು ಯಾವುದೂ ಸಾಟಿಯಲ್ಲ. ಸುರತ್ಕಲ್ಲಿನ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದಿದವರೂ, ಬ್ಯಾಂಕಿನ ಕಾಯಂ ನೌಕರಿಗೆ ರಾಜೀನಾಮೆ ಕೊಟ್ಟವರೂ ಇದರಲ್ಲಿದ್ದರು. ಬ್ಯಾಂಕಿನ ಕೆಲಸ ಬಿಟ್ಟ ಮಗನ ಮೇಲೆ ತಂದೆ ತಿಂಗಳುಗಟ್ಟಲೆ ಮಾತು ಬಿಟ್ಟ ಮನೆಗಳನ್ನು ನಾವು ಕಂಡಿದ್ದೇವೆ. ಆ ತಂದೆಯರು ಮೂರ್ಖರಾಗಿರಲಿಲ್ಲ. ಊರಿನ ನೌಕರಿಗೆ ನಿವೃತ್ತಿ ವೇತನವಿತ್ತು, ಅಲ್ಲಿಯ ನೌಕರಿಗೆ ಎರಡು ವರ್ಷದ ಕರಾರು ಮಾತ್ರ.

ದಾದಿಯರ ವಿಷಯವನ್ನು ಇಲ್ಲಿ ತುಸು ವಿಸ್ತರಿಸಲೇಬೇಕು. ದಾದಿಯ ವೃತ್ತಿ ಕುಲೀನ ಹೆಣ್ಣುಮಕ್ಕಳಿಗೆ ತಕ್ಕುದಲ್ಲವೆಂಬ ಭಾವನೆ ಈ ನಾಡಿನಲ್ಲಿ ಬಹುಕಾಲ ಇತ್ತು. ಕ್ರೈಸ್ತ ಕುಟುಂಬಗಳು ಆಸ್ಪತ್ರೆಯ ಸಿಸ್ಟರುಗಳನ್ನು ಕಣ್ಣಾರೆ ಕಂಡಿದ್ದುದರಿಂದ ಆ ಹಿಂಜರಿಕೆಯನ್ನು ಬೇಗನೆ ದಾಟಿದವು. ಹಾಗೆಂದು ನಮ್ಮಲ್ಲಿ ಅದು ಇರಲೇ ಇಲ್ಲವೆಂದು ಹೇಳಿದರೆ ಸುಳ್ಳಾದೀತು. ರಾತ್ರಿ ಪಾಳಿಯ ಹುಡುಗಿಯನ್ನು ಸೊಸೆಯಾಗಿ ತರಲು ಒಪ್ಪದ ಮನೆಗಳೇ, ಕುವೈತಿನ ಸರಕಾರಿ ಆಸ್ಪತ್ರೆಯಲ್ಲಿ ಕೆಲಸವಿರುವ ದಾದಿಗಾಗಿ ದಲ್ಲಾಳಿಗಳನ್ನು ಅಟ್ಟಿದ ಕಾಲವೂ ಬಂತು. ಆಕೆ ತನ್ನ ಸಂಬಳದಿಂದ ತಮ್ಮಂದಿರನ್ನು ಓದಿಸಿದಳು, ತಂಗಿಯರ ಮದುವೆ ಮಾಡಿದಳು, ತಾನು ಮದುವೆಯಾಗುವಾಗ ಮೂವತ್ತು ದಾಟಿತ್ತು. ಗಂಡನನ್ನು ತನ್ನ ವೀಸಾದ ಮೇಲೆ ಕರೆಸಿಕೊಂಡಳು. ಮನೆಯ ಯಜಮಾನಿಕೆ ಯಾರದೆಂಬ ಪ್ರಶ್ನೆಯನ್ನು ಪ್ರವಚನಗಳಿಗಿಂತ ಈ ವೀಸಾವೇ ಹೆಚ್ಚು ಬದಲಾಯಿಸಿತೆಂದು ನಮ್ಮ ಅಭಿಪ್ರಾಯ.

ಈ ಅವಸರದಲ್ಲಿ ಮೋಸವೂ ನಡೆಯಿತು. ಅಡವಿಟ್ಟ ಒಡವೆಯ ಹಣವನ್ನು ಏಜೆಂಟರ ಕೈಯಲ್ಲಿಟ್ಟು, ಮುಂಬಯಿಯಲ್ಲಿ ತಿಂಗಳುಗಟ್ಟಲೆ ಕಾದು, ವೀಸಾ ನಕಲಿಯೆಂದು ತಿಳಿದು ಬರಿಗೈಯಲ್ಲಿ ಮರಳಿದವರು ಪ್ರತಿ ಊರಿನಲ್ಲೂ ಇದ್ದಾರೆ. 1922ರ ಹಳೆಯ ವಲಸೆ ಕಾಯಿದೆ ಇದಕ್ಕೆ ಸಾಲದೆ, 1983ರಲ್ಲಿ ಹೊಸ ಕಾಯಿದೆಯನ್ನು ತಂದು, ಏಜೆಂಟರು ಸರಕಾರದಲ್ಲಿ ನೋಂದಾಯಿಸಿಕೊಳ್ಳಬೇಕೆಂದು ವಿಧಿಸಲಾಯಿತು. ಪದವೀಧರರಿಗೆ ವಲಸೆ ಪರವಾನಿಗೆಯಿಂದ ವಿನಾಯಿತಿ ದೊರೆಯಿತು. ಕಾಯಿದೆ ಬಂದ ಮೂವತ್ತೆರಡು ವರ್ಷಗಳ ಬಳಿಕವೂ, ದಾದಿಯರಿಂದ ಲಕ್ಷಗಟ್ಟಲೆ ವಸೂಲಿ ನಡೆದಾಗ, 2015ರಲ್ಲಿ ಅವರ ನೇಮಕಾತಿಯನ್ನೇ ಸರಕಾರಿ ಸಂಸ್ಥೆಗಳ ಮೂಲಕ ನಡೆಸುವಂತೆ ಆಜ್ಞೆ ಮಾಡಬೇಕಾಯಿತು.

ಅಲ್ಲಿಯ ಜೀವನವನ್ನು ಕುರಿತು ಎರಡು ಮಾತು. ಅಲ್ಲಿ ವಾರದ ರಜೆ ಶುಕ್ರವಾರ. ಆದುದರಿಂದ ಭಾನುವಾರದ ಬಲಿಪೂಜೆಗೆ ಜನ ಸೇರುತ್ತಿದ್ದುದು ಶುಕ್ರವಾರ, ಮಕ್ಕಳ ಧರ್ಮೋಪದೇಶ ತರಗತಿಯೂ ಅಂದೇ. (ಸಂಯುಕ್ತ ಅರಬ್ ಸಂಸ್ಥಾನವು 2022ರ ಜನವರಿಯಿಂದ ಶನಿವಾರ, ಭಾನುವಾರಗಳ ರಜೆಗೆ ಹೊರಳಿದೆ.) ಮನೆಬಾಗಿಲಿಗೆ ಅಂಚೆಯವನು ಬರುವ ಪದ್ಧತಿಯಿಲ್ಲ, ಪತ್ರಗಳೆಲ್ಲ ಕಚೇರಿಯ ಅಂಚೆಪೆಟ್ಟಿಗೆಯ ಸಂಖ್ಯೆಗೆ. ಓದುಬರಹ ಬಾರದ ಅಜ್ಜಿಯರಿಗಾಗಿ ಮಾತನ್ನು ಕ್ಯಾಸೆಟ್ಟಿನಲ್ಲಿ ತುಂಬಿ, ರಜೆಗೆ ಬರುವವರ ಕೈಯಲ್ಲಿ ಕಳುಹಿಸುತ್ತಿದ್ದರು. ಬಹ್ರೈನಿನ ಯೇಸುವಿನ ಪವಿತ್ರ ಹೃದಯದ ಇಗರ್ಜಿ 1939ರ ಹೊತ್ತಿಗೆ ಎದ್ದು ನಿಂತಿತ್ತು. ಎಣ್ಣೆ ಕಂಪೆನಿಯ ಪಟ್ಟಣವಾದ ಅಹ್ಮದಿಯಲ್ಲಿ 1956ರಲ್ಲಿಯೂ, ಅಬುಧಾಬಿಯಲ್ಲಿ 1965ರಲ್ಲಿಯೂ, ಶೇಖ್ ರಾಶಿದ್ ಅವರು ನೀಡಿದ ಜಾಗದಲ್ಲಿ ದುಬಾಯಿಯಲ್ಲಿ 1967ರಲ್ಲಿಯೂ ದೇವಾಲಯಗಳಾದವು. ಕುವೈತಿನ ಕ್ರೈಸ್ತರನ್ನು ಪಾಲಿಸಿದವರು ಕಾರ್ಮೆಲ್ ಸಭೆಯ ಗುರುಗಳು. 1878ರವರೆಗೆ ನಮ್ಮ ಮಂಗಳೂರನ್ನು ಪಾಲಿಸಿದ್ದೂ ಅದೇ ಸಭೆ ಎಂಬುದು ಇಲ್ಲಿ ಉಲ್ಲೇಖಾರ್ಹ. ಮುತ್ತಜ್ಜನಿಗೆ ಜ್ಞಾನಸ್ನಾನ ಕೊಟ್ಟ ಸಭೆಯವರನ್ನು ಮರಿಮಗ ಮರಳುಗಾಡಿನಲ್ಲಿ ಮತ್ತೆ ಕಂಡನೆನ್ನಬಹುದು.

ಇಷ್ಟೆಲ್ಲ ಇದ್ದೂ, ಅದು ನೆಲೆನಿಲ್ಲುವ ನಾಡಾಗಲಿಲ್ಲ. ವೃತ್ತಿಯಲ್ಲಿ ಎಷ್ಟೇ ಮೇಲೇರಿದರೂ ಪೌರತ್ವವಿಲ್ಲ. ಪ್ರಾಯೋಜಕನ ಹೆಸರಿನ ಮೇಲೆ ನಿಂತಿದ್ದ ಪರವಾನಿಗೆ, ಕೆಲಸ ಮುಗಿದೊಡನೆ ಮುಗಿಯುತ್ತಿತ್ತು. ಮೂವತ್ತು ವರ್ಷ ದುಡಿದವನೂ ನಿವೃತ್ತನಾದ ಬಳಿಕ ಗಂಟು ಕಟ್ಟಲೇಬೇಕಿತ್ತು. ಬಹುಕಾಲದವರೆಗೆ ಮನೆ ಕೊಳ್ಳುವ ಹಕ್ಕೂ ಇರಲಿಲ್ಲ. ನಿಗದಿತ ಸಂಬಳಕ್ಕಿಂತ ಕಡಿಮೆಯಿದ್ದವರು ಹೆಂಡತಿ ಮಕ್ಕಳನ್ನು ಕರೆಸುವಂತಿರಲಿಲ್ಲ. ಒಂದೇ ಮೇಜಿನ ಒಂದೇ ಕೆಲಸಕ್ಕೆ, ಪಾಸ್‌ಪೋರ್ಟಿನ ಬಣ್ಣವನ್ನು ನೋಡಿ ಸಂಬಳ ನಿಗದಿಯಾಗುತ್ತಿತ್ತೆಂಬುದನ್ನು ಅಲ್ಲಿದ್ದವರೆಲ್ಲ ಬಲ್ಲರು. ಲೆಕ್ಕಿಗನು ಮುಖ್ಯ ಲೆಕ್ಕಿಗನಾಗಬಹುದು, ಅದರಾಚೆಯ ಕುರ್ಚಿ ಅವನದಲ್ಲ. ಉದ್ಯೋಗದ ಉನ್ನತಿಗಾಗಿ ಹೋದವರಿಗೆ ಉನ್ನತಿ ದೊರೆಯಿತೇ ಎಂದು ಕೇಳಿದರೆ, ಹಣ ದೊರೆಯಿತು, ಶಿಸ್ತು ಮತ್ತು ಲೋಕಾನುಭವ ದೊರೆತವು, ಪದವಿ ಒಂದು ಮಟ್ಟಕ್ಕೆ ನಿಂತಿತು ಎಂದೇ ಹೇಳಬೇಕು. 1980ರ ದಶಕದ ಕೊನೆಗೆ ಗಣಕಯಂತ್ರಗಳು ಮೇಜಿಗೆ ಬಂದಾಗ, ನಿಮಿಷಕ್ಕೆ ನೂರಿಪ್ಪತ್ತು ಶಬ್ದಗಳ ಶೀಘ್ರಲಿಪಿಯನ್ನು ಹೆಮ್ಮೆಯಿಂದ ಹೊತ್ತುಹೋಗಿದ್ದವರು ನಲವತ್ತೈದರ ವಯಸ್ಸಿನಲ್ಲಿ ಹೊಸ ವಿದ್ಯೆ ಕಲಿಯಬೇಕಾಯಿತು. ಕಲಿತವರು ಉಳಿದರು, ಇತರರು ಊರಿಗೆ ಬಂದರು.

ಊರು ಅವರಿಗೆ ಅನಿವಾರ್ಯವಾಗಿ ಊರಾಗಿಯೇ ಉಳಿಯಿತು. ನೆಲೆ ಅಲ್ಲಿಲ್ಲವೆಂದ ಮೇಲೆ ಮದುವೆ ಇಲ್ಲಿ, ಮನೆ ಇಲ್ಲಿ, ಸಮಾಧಿಯ ಜಾಗವೂ ಇಲ್ಲಿ. ರಜೆ ದೊರೆಯುವ ಒಂದೂವರೆ ತಿಂಗಳಿನಲ್ಲಿ ಹುಡುಗಿಯನ್ನು ನೋಡಿ, ಮೂರು ಭಾನುವಾರ ಪ್ರಕಟಣೆ ಓದಿಸಿ, ಮದುವೆಯಾಗಿ ಮರಳಿದರು. ಜ್ಞಾನಸ್ನಾನದ ಪುಸ್ತಕದ ಅಂಚು ಏಕೆ ಪರದೇಶದ ಹೆಸರುಗಳನ್ನು ಕಾಣಲಿಲ್ಲವೆಂಬುದಕ್ಕೆ ಇದೇ ಉತ್ತರ. 1970ರಲ್ಲಿ ಅನಿವಾಸಿಗಳಿಗಾಗಿ ವಿಶೇಷ ಬ್ಯಾಂಕ್ ಖಾತೆಗಳೂ, 1975ರಲ್ಲಿ ವಿದೇಶೀ ನಾಣ್ಯದ ಠೇವಣಿಗಳೂ ಆರಂಭವಾದ ಬಳಿಕ ಹಣ ನೇರವಾಗಿ ಇಲ್ಲಿಗೆ ಹರಿಯಿತು. ಹಂಚಿನ ಮಾಡು ಕಾಂಕ್ರೀಟಾಯಿತು. ನಮ್ಮ ಇಗರ್ಜಿಯ ಮುಖಮಂಟಪದಲ್ಲಿಯೂ ಸಭಾಭವನದಲ್ಲಿಯೂ ಅವರ ಬೆವರಿದೆ. ದಾನಿಗಳ ಫಲಕವನ್ನು ಓದಿದರೆ ಅದು ಕೊಲ್ಲಿಯ ಭೂಪಟವನ್ನು ಓದಿದಂತೆ. ಅವರ ಔದಾರ್ಯಕ್ಕೆ ನಾವು ಚಿರಋಣಿಗಳು. ಆದರೂ ಒಂದು ಮಾತನ್ನು ನುಡಿಯದಿರಲಾರೆವು: ಬಂದ ಹಣದಲ್ಲಿ ನಾವು ಕಂಬಗಳನ್ನು ನಿಲ್ಲಿಸಿದಷ್ಟು ಉತ್ಸಾಹದಿಂದ, ಆ ಹಣವನ್ನು ಗಳಿಸಲು ಕಾರಣವಾದ ಶಾಲೆಯ ವಾಚನಾಲಯವನ್ನು ಬೆಳೆಸಲಿಲ್ಲ.

1990ರ ಆಗಸ್ಟ್ 2ರಂದು ಇರಾಕಿನ ಸೈನ್ಯ ಕುವೈತನ್ನು ಆಕ್ರಮಿಸಿದಾಗ ಅಲ್ಲಿ ಒಂದೂವರೆ ಲಕ್ಷಕ್ಕೂ ಮಿಕ್ಕಿ ಭಾರತೀಯರಿದ್ದರು. ಬ್ಯಾಂಕಿನಲ್ಲಿದ್ದ ದಿನಾರು ಕೈಗೆ ಸಿಗದಾಯಿತು. ಕೆಲವರ ಪಾಸ್‌ಪೋರ್ಟುಗಳು ಮುಚ್ಚಿದ ಕಚೇರಿಗಳ ಪೆಟ್ಟಿಗೆಗಳಲ್ಲಿ ಉಳಿದವು. ವಿದೇಶಾಂಗ ಸಚಿವರಾಗಿದ್ದ ಐ. ಕೆ. ಗುಜ್ರಾಲ್ ಅವರು ಬಾಗ್ದಾದಿಗೆ ಹೋಗಿ ಸದ್ದಾಂ ಹುಸೇನರನ್ನು ಭೇಟಿಯಾದರು. ಬಸ್ಸಿನಲ್ಲಿ ಬಾಗ್ದಾದು, ಅಲ್ಲಿಂದ ಜೋರ್ಡಾನಿನ ಗಡಿಯ ಮರಳಿನಲ್ಲಿ ಡೇರೆ, ಕಡೆಗೆ ಅಮ್ಮಾನಿನ ವಿಮಾನ ನಿಲ್ದಾಣ. ಅಲ್ಲಿಂದ ಸುಮಾರು ಎರಡು ತಿಂಗಳ ಕಾಲ ಏರ್ ಇಂಡಿಯಾ ನಡೆಸಿದ 488 ಯಾನಗಳಲ್ಲಿ ಲಕ್ಷಕ್ಕೂ ಮಿಕ್ಕಿದ ಜನ ಮುಂಬಯಿಗೆ ಬಂದಿಳಿದರು. ಹಾಗೆ ಬಂದವರೊಬ್ಬರು, ಮನೆಯಿಂದ ಹೊರಡುವಾಗ ಏನನ್ನು ತೆಗೆದುಕೊಳ್ಳಬೇಕೆಂದು ತೋಚದೆ ಬಟ್ಟೆಯನ್ನು ಬಿಟ್ಟು ಪದವಿಯ ಪ್ರಮಾಣಪತ್ರಗಳನ್ನೂ ಅನುಭವ ಪತ್ರಗಳನ್ನೂ ಹೊಟ್ಟೆಗೆ ಕಟ್ಟಿಕೊಂಡುದಾಗಿ ನಮಗೆ ಹೇಳಿದ್ದುಂಟು. ಊರಿನಲ್ಲಿ ಅವರ ಮನೆ ಅರ್ಧ ಕಟ್ಟಿತ್ತು. ಒಂದು ಮಳೆಗಾಲ ಅದು ಹಾಗೆಯೇ ನೆನೆಯಿತು. ಯುದ್ಧ ಮುಗಿದ ಮರುವರ್ಷ ಅದೇ ಕಾಗದಗಳನ್ನು ಹಿಡಿದು ಅವರು ದುಬಾಯಿಗೆ ಹೋದರು. ವಿಶ್ವಸಂಸ್ಥೆ 1991ರಲ್ಲಿ ಸ್ಥಾಪಿಸಿದ ಪರಿಹಾರ ಆಯೋಗದಿಂದ ಕುವೈತ್ ಬಿಟ್ಟುಬಂದ ವ್ಯಕ್ತಿಗಳಿಗೆ ಸಾವಿರಗಳ ಡಾಲರಿನ ಪರಿಹಾರವೂ ವರ್ಷಗಳ ಬಳಿಕ ಬಂತು. ಕಳೆದುಹೋದ ಉದ್ಯೋಗದ ಹಿರಿತನಕ್ಕೆ ಪರಿಹಾರವಿರಲಿಲ್ಲ.

2006ರ ಅಕ್ಟೋಬರದಲ್ಲಿ ನಮ್ಮ ಬಜಪೆಯಿಂದಲೇ ದುಬಾಯಿಗೆ ವಿಮಾನ ಆರಂಭವಾದಾಗ ಮುಂಬಯಿಯ ದಾರಿ ತಪ್ಪಿತು. ಮೂರೂವರೆ ಗಂಟೆಯಲ್ಲಿ ಊರು. ಅದೇ ದಾರಿಯಲ್ಲಿ ಬರುತ್ತಿದ್ದ ವಿಮಾನವು 2010ರ ಮೇ 22ರ ಮುಂಜಾನೆ ಬಜಪೆಯ ಗುಡ್ಡದಂಚಿನಿಂದ ಕೆಳಗುರುಳಿ 158 ಮಂದಿ ಅಸುನೀಗಿದರು. ಎಂಟು ಮಂದಿ ಮಾತ್ರ ಬದುಕಿದರು. ಆ ವಾರ ಕರಾವಳಿಯ ಇಗರ್ಜಿ, ಮಸೀದಿ, ದೇವಸ್ಥಾನಗಳ ಊರುಗಳಲ್ಲಿ ಶೋಕವಿಲ್ಲದ ಊರು ವಿರಳವಾಗಿತ್ತು. ಇದಕ್ಕಿಂತ ಹೆಚ್ಚಿಗೆ ಬರೆಯಲು ನಮಗೆ ಮನಸ್ಸಿಲ್ಲ.

ತನ್ಮಧ್ಯೆ ಆ ಮಾರುಕಟ್ಟೆಯೂ ಬದಲಾಗತೊಡಗಿತ್ತು. ಕೊಲ್ಲಿಯ ರಾಷ್ಟ್ರಗಳು ತಮ್ಮ ಮಕ್ಕಳನ್ನು ಓದಿಸಿದ್ದವು; ಅವರಿಗೆ ಕೆಲಸ ಬೇಕಾಗಿತ್ತು. ಇದು ನ್ಯಾಯವೇ. ಸೌದಿ ಅರೇಬಿಯ 2011ರಲ್ಲಿ ‘ನಿತಾಕತ್’ ಎಂಬ ವ್ಯವಸ್ಥೆಯಿಂದ ಸ್ವದೇಶೀಯರ ನೇಮಕವನ್ನು ಕಂಪೆನಿಗಳಿಗೆ ಕಡ್ಡಾಯ ಮಾಡಿತು. 2017ರ ಜುಲೈಯಿಂದ ಕುಟುಂಬದ ಪ್ರತಿ ಅವಲಂಬಿತನ ಮೇಲೆ ತಿಂಗಳಿಗೆ 100 ರಿಯಾಲಿನ ಶುಲ್ಕ ಹೇರಿ, ವರ್ಷವರ್ಷವೂ ಅದನ್ನು ಏರಿಸಿತು. ಹೆಂಡತಿ ಮಕ್ಕಳನ್ನು ಊರಿಗೆ ಕಳುಹಿಸಿ ಗಂಡ ಮತ್ತೆ ಒಂಟಿಕೋಣೆಗೆ ಮರಳಿದ. 2018ರಲ್ಲಿ ಕುವೈತ್, ಅಲ್ಲಿಯ ಎಂಜಿನಿಯರುಗಳ ಸಂಘದ ಒಪ್ಪಿಗೆಯಿಲ್ಲದೆ ಪರವಾನಿಗೆ ನವೀಕರಿಸುವುದಿಲ್ಲವೆಂದಿತು. ನಮ್ಮ ರಾಷ್ಟ್ರೀಯ ಮಾನ್ಯತಾ ಮಂಡಳಿಯ ಮನ್ನಣೆ ಪಡೆದ ಕಾಲೇಜುಗಳ ಪದವಿ ಮಾತ್ರ ಲೆಕ್ಕಕ್ಕೆ ಬಂದುದರಿಂದ, ಆ ಮಂಡಳಿ ಹುಟ್ಟುವ ಮೊದಲೇ ಪದವಿ ಪಡೆದಿದ್ದ ಅನುಭವಿಗಳು ಪೇಚಿಗೆ ಸಿಕ್ಕಿದರು. ಹೊಟ್ಟೆಗೆ ಕಟ್ಟಿಕೊಂಡು ಮರಳುಗಾಡು ದಾಟಿಸಿದ ಕಾಗದವು ಇಪ್ಪತ್ತೆಂಟು ವರ್ಷಗಳ ಬಳಿಕ ಪ್ರಶ್ನೆಗೊಳಗಾಯಿತು. 2020ರ ಮೇ ತಿಂಗಳಲ್ಲಿ, ಮಹಾಮಾರಿಯ ನಡುವೆ, ದುಬಾಯಿಯಿಂದ ಮಂಗಳೂರಿಗೆ ಬಂದ ವಿಶೇಷ ವಿಮಾನಗಳಲ್ಲಿ ಕೆಲಸ ಕಳೆದುಕೊಂಡವರೂ ಇದ್ದರು, ಹೆರಿಗೆಗೆ ಬಂದವರೂ ಇದ್ದರು.

ಹಾಗೆ ಬಂದವರ ಮಕ್ಕಳು ಇಂದು ಕೊಲ್ಲಿಯನ್ನು ಮೆಟ್ಟಲಾಗಿ ಮಾತ್ರ ಎಣಿಸುತ್ತಾರೆ. ದಾದಿಯು ಎರಡು ವರ್ಷದ ಅನುಭವವನ್ನು ಅಲ್ಲಿ ಗಳಿಸಿ, ಇಂಗ್ಲಿಷಿನ ಪರೀಕ್ಷೆಯನ್ನೂ ವೃತ್ತಿ ಮಂಡಳಿಯ ಪರೀಕ್ಷೆಯನ್ನೂ ದಾಟಿ, ಇಂಗ್ಲೆಂಡ್, ಐರ್ಲೆಂಡ್, ನ್ಯೂಜಿಲೆಂಡ್‌ಗಳಿಗೆ ತೆರಳುತ್ತಾಳೆ. ಕೆನಡಾ 2015ರ ಜನವರಿಯಿಂದ ವಯಸ್ಸು, ವಿದ್ಯೆ, ಅನುಭವಗಳಿಗೆ ಅಂಕ ಕೊಟ್ಟು ಜನರನ್ನು ಆಯುತ್ತಿದೆ. ಅಲ್ಲಿಯೂ ಕಷ್ಟವಿದೆ, ದುಬಾಯಿಯಲ್ಲಿ ವಿಭಾಗದ ಮುಖ್ಯಸ್ಥನಾಗಿದ್ದವನು ಅಲ್ಲಿ ಗೋದಾಮಿನಲ್ಲಿ ಕೆಲಸ ಮಾಡಿ ಮತ್ತೆ ಮೊದಲಿನಿಂದ ಹತ್ತಬೇಕಾಗುತ್ತದೆ. ಆದರೆ ಅಲ್ಲಿ ಕೆಲವು ವರ್ಷಗಳಾದ ಮೇಲೆ ಪೌರತ್ವವಿದೆ. ಅಲ್ಲಿಗೆ ಹೋದವನು ಊರಿನಲ್ಲಿ ಮನೆ ಕಟ್ಟಿಸುವುದಿಲ್ಲ, ತಂದೆ ಕಟ್ಟಿಸಿದ್ದನ್ನು ಮಾರುವುದು ಹೇಗೆಂದು ಕೇಳುತ್ತಾನೆ. ಆತನನ್ನು ದೂರುವ ಅಧಿಕಾರ ನಮಗಿಲ್ಲ. ಅವನ ತಂದೆ ಮೂವತ್ತು ವರ್ಷ ಹೊರಗಿದ್ದೂ ನಮ್ಮವನಾಗಿ ಉಳಿದುದಕ್ಕೆ ನಮ್ಮ ಪ್ರೀತಿಯೊಂದೇ ಕಾರಣವಾಗಿರಲಿಲ್ಲ, ಅಲ್ಲಿಯ ಕಾನೂನೂ ಕಾರಣವಾಗಿತ್ತೆಂಬುದನ್ನು ಒಪ್ಪಿಕೊಳ್ಳಲು ನಮ್ಮ ಅಭಿಮಾನ ತುಸು ಹಿಂಜರಿಯುತ್ತದೆ, ಅಷ್ಟೆ.

ಕೆನಡಾದ ಒಂಟಾರಿಯೊ ಪ್ರಾಂತದಲ್ಲಿ ಸರಕಾರದ ಹಣದಿಂದ ನಡೆಯುವ ಕಥೋಲಿಕ ಶಾಲೆಗಳಿವೆ. ಅಲ್ಲಿಯ ಪ್ರಾಥಮಿಕ ತರಗತಿಗೆ ಮಗುವನ್ನು ಸೇರಿಸಬೇಕಾದರೆ ಮಗುವಿನದೋ ತಂದೆತಾಯಿಗಳಲ್ಲೊಬ್ಬರದೋ ಜ್ಞಾನಸ್ನಾನದ ಪ್ರಮಾಣಪತ್ರವನ್ನು ತೋರಿಸಬೇಕು. ಆ ಕಾರಣಕ್ಕಾಗಿ ನಮ್ಮ ಧರ್ಮಕೇಂದ್ರದ ಕಚೇರಿಗೆ ಈಗ ಮಿಂಚಂಚೆಯಲ್ಲಿ ಕೋರಿಕೆಗಳು ಬರುತ್ತವೆ. ಈ ಲೇಖನಕ್ಕಾಗಿ ನಾವು ಪುಸ್ತಕಗಳನ್ನು ನೋಡುತ್ತಾ ಕುಳಿತಿದ್ದ ಒಂದು ಮಧ್ಯಾಹ್ನವೂ ಅಂಥದೊಂದು ಬಂತು. ಧರ್ಮಗುರುಗಳು ನಮ್ಮ ಕೈಯಿಂದ 1980ರ ದಶಕದ ಪುಸ್ತಕವನ್ನು ತೆಗೆದುಕೊಂಡು, ತಂದೆಯ ಹೆಸರನ್ನು ಹುಡುಕಿ, ಅಂಚಿನಲ್ಲಿದ್ದ ಟೊರಾಂಟೊದ ವಿವಾಹದ ಟಿಪ್ಪಣಿಯನ್ನೂ ಸೇರಿಸಿ ಪ್ರಮಾಣಪತ್ರವನ್ನು ಬರೆದು, ಮೊಹರು ಒತ್ತಿ, ಮಸಿ ಆರಲೆಂದು ಕಿಟಕಿಯ ಬಳಿ ಇಟ್ಟರು.